ನೀರಿನ ಬೆನ್ನು ಹತ್ತಿದ ನಕ್ಷೆಯವರು

“ಅಮ್ಮಾ, ಆ ತಾತ ನಮ್ಮ ಮೋರಿಗೆ ಯಾಕೆ ನೀಲಿ ಸುರೀತಿದ್ದಾರೆ?” ಎಂದು ಮಗಳು ಕೇಳಿದಾಗ ಗೇಟಿನ ಚಿಲಕ ಹಾಕಿಯೇ ಹೊರಗೆ ಇಣುಕಿದೆ. ಬೀದಿಯವರೆಲ್ಲ ಅವರನ್ನು ನಕ್ಷೆಯವರು ಎನ್ನುತ್ತಾರೆ. ಯಾವ ಮನೆಯ ನೀರು ಯಾವ ಕಾಲುವೆಗೆ ಸೇರುತ್ತದೆಂದು ಗಡಿ ಗುರುತಿಸಿ, ಆ ನಕ್ಷೆಯನ್ನು ಎಲ್ಲರೂ ನೋಡುವಂತೆ ಪುರಸಭೆ ಕಚೇರಿಯ ಗೋಡೆಗೆ ಅಂಟಿಸುವುದು ಅವರ ಕೆಲಸ. ಮಳೆಗಾಲದಲ್ಲಿ ಉಕ್ಕುವ ತಗ್ಗಿನ ಕಾಲುವೆಯ ಗಡಿಯೊಳಗೆ ಬಿದ್ದ ಮನೆಯವರು ಹೊಸದಾಗಿ ಒಂದು ಗೋಡೆಯನ್ನೂ ಎಬ್ಬಿಸುವಂತಿಲ್ಲ. ಹಾಗಾಗಿ ಅವರನ್ನು ಕಂಡರೆ ನಮಗೆಲ್ಲ ಗುಮಾನಿ, ನಮ್ಮನ್ನು ಕಂಡರೆ ಅವರಿಗೆ ಅದರ ಎರಡರಷ್ಟು. “ನಮ್ಮ ನೀರು ಮೇಲಿನ ಕಾಲುವೆಗೇ ಹೋಗೋದು ಸಾರ್, ಅಜ್ಜನ ಕಾಲದಿಂದ,” ಎಂದು ಪಕ್ಕದ ಮನೆಯ ದರ್ಜಿ ಹೇಳಿದರೆ, “ನಿಮ್ಮಜ್ಜ ಹೇಳಿದ್ರೆ ನೀರು ಗುಡ್ಡ ಹತ್ತುತ್ತಾ?” ಎನ್ನುತ್ತಾ, ಬಟ್ಟೆಯ ನೀಲಿ ಕದಡಿದ ನೀರನ್ನು ಮೋರಿಗೆ ಸುರಿದು, ಕಳ್ಳನನ್ನು ಅಟ್ಟಿಸಿಕೊಂಡು ಹೋಗುವವರಂತೆ ಅದರ ಹಿಂದೆ ಓಡುತ್ತಾರೆ. ಹಳೆಯ ನಕ್ಷೆಯನ್ನು ನಂಬುವುದಿಲ್ಲ, ಮೇಲಧಿಕಾರಿಯನ್ನಂತೂ ಮೊದಲೇ ಇಲ್ಲ, ನಾನು ಕೊಟ್ಟ ಚಹಾವನ್ನೂ “ಲಂಚ ಅಲ್ಲ ತಾನೆ?” ಎಂದು ಮೂಸಿ ನೋಡಿಯೇ ಕುಡಿಯುವವರು. ಇಂದು ಮಾತ್ರ ಮೂಸದೆಯೇ ಕುಡಿದು ತಮ್ಮ ಮನೆಯ ಮಾತು ತೆಗೆದರು. ಗಂಡನ ಮನೆ ಬಿಟ್ಟು ಬಂದ ಮಗಳೂ ಮೊಮ್ಮಗುವೂ ಅವರ ಒಂದೇ ಕೋಣೆಯ ಮನೆಯಲ್ಲಿದ್ದಾರಂತೆ, ಇನ್ನೊಂದು ಕೋಣೆ ಕಟ್ಟಲೇಬೇಕಂತೆ, ಆ ಮನೆಯನ್ನು ಪರೀಕ್ಷಿಸುವ ಸರದಿ ನಾಳೆಯಂತೆ. “ಒಂದು ಉಪಕಾರ ಮಾಡ್ತೀಯೇನಮ್ಮಾ? ನಾಳೆ ನಮ್ಮನೆ ಮುಂದೆ ನಾನು ಸುರೀತೀನಿ, ಎತ್ತ ಹೋಯ್ತು ಅಂತ ನೀನು ನೋಡಿ ಹೇಳು. ಅಲ್ಲಿ ನನ್ನ ಕಣ್ಣನ್ನ ನಾನು ನಂಬಲ್ಲ.”