ಬಂದ್‌ಗೆ ಕಾಯುತ್ತಿದ್ದ ಇಂದುಮತಿ

ಬಂದ್ ಎಂದರೆ ಕಳಮಶ್ಶೇರಿಯ ಜನ ಹಿಂದಿನ ದಿನವೇ ಹಾಲು ತರಕಾರಿ ತಂದಿಟ್ಟುಕೊಂಡು ಗೊಣಗುತ್ತಿದ್ದ ಕಾಲ ಅದು. ಆ ಊರಲ್ಲಿ ಬಂದ್ ಯಾವಾಗ ಬರುತ್ತದಪ್ಪಾ ಎಂದು ಕ್ಯಾಲೆಂಡರ್ ನೋಡುತ್ತ ಕೂತಿದ್ದವಳು ಒಬ್ಬಳೇ ಒಬ್ಬಳು, ನಮ್ಮ ಮೈಸೂರು ಕಡೆಯ ಇಂದುಮತಿ. ಗಂಡ ಜನಾರ್ದನನಿಗೆ ಬ್ಯಾಂಕಿನ ಕೆಲಸ. ಅವಳಿಗೆ ಹೆದ್ದಾರಿಗೆ ಅಂಟಿಕೊಂಡಂತಿದ್ದ ಬ್ಯಾಟರಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಕೆಲಸ. ಮನೆ ಲ್ಯಾಬಿನ ಹಿಂದಿನ ಕ್ವಾರ್ಟರ್ಸ್‌ನಲ್ಲೇ.

ಅವಳ ಕೆಲಸ ಎಂಥದ್ದು ಅಂತೀರಿ? ಬ್ಯಾಟರಿಗೆ ತುಂಬುವ ನಿಕ್ಕಲ್ ಪುಡಿಯಿಂದ ಒಂದೇ ಒಂದು ಕಣ ಆರಿಸಬೇಕು. ಬರಿಗಣ್ಣಿಗೆ ಕಾಣದ ಕಣ. ಅದನ್ನು ಮೈಕ್ರೋಸ್ಕೋಪಿನ ಕೆಳಗೆ, ಕ್ಷಾರದ ನೀರಿನಲ್ಲಿ ಮಲಗಿಸಿ, ಕೂದಲಿಗಿಂತ ತೆಳ್ಳಗಿನ ಕಾರ್ಬನ್ ಎಳೆಯ ತುದಿಯನ್ನು ಅದರ ನೆತ್ತಿಗೆ ಮುಟ್ಟಿಸಿ ಕರೆಂಟ್ ಕೊಡಬೇಕು. ಒಳ್ಳೆಯ ಕಣವಾದರೆ ತಿಳಿಹಸಿರು ಬಿಟ್ಟು ಕಪ್ಪಗಾಗುತ್ತದೆ. ಆದರೆ ಹತ್ತರಲ್ಲಿ ಎರಡು ಮೂರು ಏನು ಮಾಡಿದರೂ ಹಸಿರಾಗಿಯೇ ಬಿದ್ದಿರುವುದನ್ನು ಇಂದುಮತಿ ಪತ್ತೆಹಚ್ಚಿದ್ದಳು. ಅವನ್ನು ಸೋಮಾರಿಗಳು ಎಂದು ಕರೆಯುತ್ತಿದ್ದಳು.

ಆ ಪುಡಿಯನ್ನು ಆರಿಸಿ ಕಳಿಸಿದ್ದವರು ತಿರುವನಂತಪುರದಲ್ಲಿದ್ದ ಹಿರಿಯ ವಿಜ್ಞಾನಿ, ಧಾರವಾಡದ ಶ್ರೀಪತಿಯವರು. ಅವರು ಒಪ್ಪಲಿಲ್ಲ. ಪುಡಿ ಚೆನ್ನಾಗಿಯೇ ಇದೆ, ನಿಮ್ಮ ಕೈ ನಡುಗಿ ಎಳೆ ತಾಗಿಲ್ಲ ಎಂದು ಬರೆದರು. ಕೈಯಲ್ಲ ಸರ್, ಬಸ್ಸು ಹೋದಾಗೆಲ್ಲ ಮೇಜು ಅದುರಿ ಕಣ ಜಾರುತ್ತದೆ, ಆದರೆ ಸೋಮಾರಿಗಳು ಎಳೆ ಸರಿಯಾಗಿ ತಾಗಿದರೂ ಹಸಿರೇ ಎಂದು ಇವಳು ಬರೆದಳು. ಬಸ್ಸಿನ ಮೇಲೆ ಗೂಬೆ ಕೂರಿಸಬೇಡಿ ಎಂದು ಮರುಟಪಾಲು ಬಂತು. ಮೈಕ್ರೋಸ್ಕೋಪು, ಎಳೆ ಎಲ್ಲ ಸೇರಿದ ಆ ಯಂತ್ರವನ್ನು ತಿರುವನಂತಪುರಕ್ಕೆ ಸಾಗಿಸಿ, ಇಂದುಮತಿಯನ್ನು ಸ್ಟೋರಿನಲ್ಲಿ ಬಾಟಲಿ ಜೋಡಿಸಲು ಕೂರಿಸುವ ಮಾತೂ ಆ ಕಾಗದದ ಕೊನೆಯಲ್ಲಿತ್ತು.

ಅಷ್ಟರಲ್ಲಿ ಒಂದು ಬಂದ್ ಬಂತು. ಮನೆಯಲ್ಲಿ ಕೂತು ಬೇಜಾರಾಗಿ, ಇವಳು ಹಿತ್ತಲ ಬಾಗಿಲಿಂದ ನಡೆದು ಲ್ಯಾಬಿಗೆ ಹೋದಳು. ರಸ್ತೆ ಬಿಕೋ ಅನ್ನುತ್ತಿತ್ತು. ಎಳೆ ಮುಟ್ಟಿಸಿದಲ್ಲೇ ನಿಂತಿತು! ದಿನವಿಡೀ ಒಂದು ಕಣಕ್ಕೆ ಒದ್ದಾಡುತ್ತಿದ್ದವಳು ಅಂದು ಹನ್ನೊಂದು ಮುಗಿಸಿ, ಮನೆಗೆ ಬಂದು ಪಾಯಸ ಮಾಡಿದಳು. ಯಾವ ಹಬ್ಬ ಎಂದು ಜನಾರ್ದನನಿಗೆ ತಿಳಿಯಲಿಲ್ಲ.

ಗೇಟಿನೆದುರು ಚಹಾದಂಗಡಿ ಇಟ್ಟಿದ್ದ ವಾಸು ಚೇಟ್ಟನ್, ಅಂದರೆ ವಾಸು ಅಣ್ಣ, ಯೂನಿಯನ್ನಿನಲ್ಲೂ ಮುಂದಾಳು. ಇಂದುಮತಿ ಆಗಾಗ ಅವನ ಹತ್ತಿರ ಹೋಗಿ ಮುಂದಿನ ಬಂದ್ ಯಾವಾಗ ಎಂದು ವಿಚಾರಿಸತೊಡಗಿದಳು. ಯಾವ ಪಕ್ಷದವರು ಮಾಡಿದರೂ ಸರಿ, ಬಸ್ಸು ನಿಂತರೆ ಸಾಕು ಅನ್ನುವಳು. ಈ ಚೇಚಿ, ಅಂದರೆ ಅಕ್ಕ, ಯಾರ ಕಡೆಯ ಗುಪ್ತ ಕಾರ್ಯಕರ್ತೆ ಎಂದು ಅಂಗಡಿಯಲ್ಲಿ ಚರ್ಚೆಗಳಾದವು. ಸುದ್ದಿ ಬ್ಯಾಂಕಿನವರೆಗೂ ಹೋಗಿ, ಮ್ಯಾನೇಜರು ಜನಾರ್ದನನನ್ನು ಕುರ್ಚಿ ಕೊಟ್ಟು ಮಾತಾಡಿಸತೊಡಗಿದರಂತೆ.

ತೊಂಬತ್ತೇಳರಲ್ಲಿ ಕೋರ್ಟು ಬಂದ್ ಮಾಡುವುದು ಕಾನೂನಿಗೆ ವಿರುದ್ಧ ಎಂದುಬಿಟ್ಟಿತು. ಊರು ಉಸಿರು ಬಿಟ್ಟರೆ ಇಂದುಮತಿಗೆ ಅನ್ನ ಸೇರಲಿಲ್ಲ. ವಾಸು ಅವಳ ಮುಂದೆ ಚಹಾ ಇಟ್ಟ.

"ವಿಷಮಿಕ್ಕಂಡ ಚೇಚಿ, ಬೇಜಾರು ಮಾಡಿಕೊಳ್ಳಬೇಡಿ. ಬಂದ್ ಹೋದರೇನಾಯಿತು, ಹರತಾಳ ಇಲ್ಲವಾ?"

ಅದೇ ವಾರ ಶ್ರೀಪತಿಯವರ ಕಾಗದ ಬಂತು. ನಾನೇ ಬಂದು ನಿಮ್ಮ ಕೈ ಪರೀಕ್ಷಿಸುತ್ತೇನೆ, ಆಮೇಲೆ ಯಂತ್ರದ ತೀರ್ಮಾನ, ಬರುವ ವಾರದಲ್ಲಿ ಒಂದು ದಿನ ನೀವೇ ಗೊತ್ತುಮಾಡಿ ಎಂದಿತ್ತು. ಇವಳು ಕಾಗದ ಹಿಡಿದು ಸೀದಾ ಚಹಾದಂಗಡಿಗೆ ನಡೆದಳು. ಗುರುವಾರ ಜಿಲ್ಲೆಗೆ ಮಾತ್ರ ಒಂದು ಪುಟ್ಟ ಹರತಾಳವಿದೆ, ಹಿಂದಿನ ಸಂಜೆ ಸಾರುತ್ತೇವೆ, ಅಲ್ಲಿಯತನಕ ಬಾಯಿ ಬಿಡಬೇಡಿ ಅಂದ ವಾಸು. ಇಂದುಮತಿ ಬಾಯಿ ಬಿಡಲಿಲ್ಲ. ಗುರುವಾರ ಅನುಕೂಲ ಎಂದಷ್ಟೇ ತಿರುವನಂತಪುರಕ್ಕೆ ಫ್ಯಾಕ್ಸ್ ಮಾಡಿದಳು.

ಬುಧವಾರದ ರೈಲಿನಲ್ಲಿ ಬಂದಿಳಿದ ಶ್ರೀಪತಿಯವರು ಬೆಳಗ್ಗೆ ಎದ್ದು ನೋಡಿದರೆ ಆಟೋ ಇಲ್ಲ, ಹೋಟೆಲಿಲ್ಲ. ಇಡಪ್ಪಳ್ಳಿಯ ಗೆಸ್ಟ್ ಹೌಸಿನಿಂದ ಬೂಟುಗಾಲಲ್ಲಿ ನಡೆದು, ಕೆಂಡವಾಗಿ ಒಳಗೆ ಬಂದರು.

"ಏನ್ರೀ ಇಂದುಮತಿ, ಇಂಥಾ ದಿನಾನ ನಿಮಗ ಅನುಕೂಲ ಆತೇನು?"

"ರಸ್ತೆ ಖಾಲಿ ಇದೆ ಸರ್, ಕೂತ್ಕೊಳ್ಳಿ," ಎಂದು ಇಡ್ಲಿಯ ಡಬ್ಬಿ ಮುಂದಿಟ್ಟಳು.

ಆಮೇಲೆ ಎಳೆ ಇಳಿಸಿದಳು. ಮೊದಲ ಕಣ ಕಪ್ಪಾಯಿತು, ಎರಡನೆಯದೂ ಆಯಿತು. ಮೂರನೆಯದು ಹಸಿರು. ತಾಗಿಲ್ಲ ಎಂದು ಶ್ರೀಪತಿಯವರು ಶುರುಮಾಡುವಷ್ಟರಲ್ಲಿ, ಎಳೆ ಇಳಿಸುವ ತಿರುಪನ್ನು ಅವರ ಕೈಗೇ ಕೊಟ್ಟು ಪಕ್ಕಕ್ಕೆ ಸರಿದಳು. ಅವರು ನೆತ್ತಿಗೆ ಒತ್ತಿದರು, ಪಕ್ಕೆಗೆ ಒತ್ತಿದರು. ಸೋಮಾರಿ ಜಗ್ಗಲಿಲ್ಲ. ಅದೇ ಎಳೆಯನ್ನು ಪಕ್ಕದ ಕಣಕ್ಕೆ ಮುಟ್ಟಿಸಿದರೆ ಅದು ಕಪ್ಪಾಗುತ್ತ ಬಂತು. ಮತ್ತೆ ಅವರು ಕುರ್ಚಿ ಬಿಟ್ಟೇಳಲಿಲ್ಲ. ಸಂಜೆಯ ಹೊತ್ತಿಗೆ ಇಪ್ಪತ್ತು ಕಣಗಳಲ್ಲಿ ಐದು ಸೋಮಾರಿಗಳು. ಮೂರು ಅವರ ಕೈಯಲ್ಲೇ ಸಿಕ್ಕಿದ್ದವು.

ಆರು ಗಂಟೆಗೆ ಹರತಾಳ ಮುಗಿದು, ಮೊದಲ ಬಸ್ಸು ಹನ್ನೆರಡು ತಾಸಿನ ಹಸಿವು ತೀರಿಸಿಕೊಳ್ಳುವವರ ಹಾಗೆ ನುಗ್ಗಿ ಹೋಯಿತು. ಮೇಜು ಗುಡುಗಿತು. ಶ್ರೀಪತಿಯವರು ಹಿಡಿದಿದ್ದ ಇಪ್ಪತ್ತೊಂದನೆಯ ಕಣ ಮಾಯ. ಅವರು ಕಿಟಕಿಯತ್ತ ತಿರುಗಿ, ಆ ಡ್ರೈವರನ ವಂಶವನ್ನೆಲ್ಲ ಅಪ್ಪಟ ಧಾರವಾಡದ ಭಾಷೆಯಲ್ಲಿ ವಿಚಾರಿಸಿಕೊಂಡರು.

"ಹಾಗಾದರೆ ಯಂತ್ರ ಯಾವತ್ತು ಸಾಗಿಸೋದು ಸರ್?" ಇಂದುಮತಿ ಮೆಲ್ಲಗೆ ಕೇಳಿದಳು.

ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಅಲ್ಲಿಗೆ ಬ್ಯಾಡ್ರೀ. ನಮ್ಮ ಖೋಲಿ ಕೆಳಗನ ಜನರೇಟರ್ ಅದ. ಅಲ್ಲಿ ಒಂದು ಹಳೇ ಯಂತ್ರದ ಮುಂದ ನಾನೂ ವರ್ಷಗಟ್ಟಲೆ ಒದ್ದಾಡೇನಿ, ಒಂದು ಕಣಾನೂ ನೆಟ್ಟಗ ನಿಂತಿಲ್ಲ. ಈ ಮಾತು ನಮ್ಮಿಬ್ಬರೊಳಗ ಇರ್ಲಿ."

"ಇರಲಿ ಸರ್," ಎಂದ ಇಂದುಮತಿ ಸೋಮಾರಿಗಳ ವರದಿಯ ಖಾಲಿ ಹಾಳೆಯನ್ನು ಅವರ ಮುಂದೆ ಸರಿಸಿ, ಪೆನ್ನಿನ ಮುಚ್ಚಳ ತಾನೇ ತೆಗೆದುಕೊಟ್ಟಳು.