ದಾಮೋದರಣ್ಣನ ಎಡಗೈ

ಯುರೋಪಿನ ಪುನರುಜ್ಜೀವನಕ್ಕೂ ನನಗೂ ಇದ್ದ ಸಂಬಂಧ ಬರೀ ಐದು ಅಂಕದ್ದು. ಹೈಸ್ಕೂಲಿನಲ್ಲಿ ಅದರ ಕಾರಣ, ಪರಿಣಾಮಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಬಸ್ಸು ಹತ್ತುವಷ್ಟರಲ್ಲಿ ಮರೆತಿದ್ದೆ. ದುಬೈಯ ಜೆಬೆಲ್ ಅಲಿ ಬಂದರಿನ ಗೋದಾಮಿನಲ್ಲಿ ಹಾಜರಿ ಬರೆಯುವವನಿಗೆ ಐನೂರು ವರ್ಷ ಹಿಂದಿನ ಇಟಲಿಯಿಂದ ಆಗಬೇಕಾದದ್ದಾದರೂ ಏನು?

ಒಂಬತ್ತನೇ ತರಗತಿಯ ನನ್ನ ಮಗಳು ಶರಣ್ಯಾ ಶಾಲೆಯವರ ಜೊತೆ ಅಬುಧಾಬಿಯ ಹೊಸ ಮ್ಯೂಸಿಯಂ ನೋಡಿ ಬಂದವಳು ಊಟಕ್ಕೆ ಕೂತಾಗ ನನಗೇ ಪಾಠ ಮಾಡಿದಳು.

"ಮೊದಲು ಪೇಂಟಿಂಗಲ್ಲಿ ಆರ್ಡಿನರಿ ಜನ ಇದ್ರೂ ದೇವರ ಕಾಲಡಿ, ಟೈನಿ ಆಗಿ ಇರ್ತಿದ್ರು ಪಪ್ಪಾ. ಆಮೇಲೆ ಅವರ ಮುಖಾನೇ ದೊಡ್ಡದಾಗಿ ಬರೆದ್ರು. ನರ, ಸುಕ್ಕು, ಎವ್ರಿಥಿಂಗ್."

ಮನುಷ್ಯ ಹುಟ್ಟಾ ಪಾಪಿ ಮಾತ್ರವಲ್ಲ, ನಿಂತು ನೋಡಲು ಯೋಗ್ಯನಾದವನು ಎಂದು ಆ ಕಾಲದವರಿಗೆ ಹೊಳೆಯಿತಂತೆ. ಅದೇ ರೀತಿ ಒಬ್ಬ ಸಾಮಾನ್ಯ ಮನುಷ್ಯನ ಚಿತ್ರ ಬರೆದು ತರಬೇಕೆಂದು ಶಾಲೆಯಲ್ಲಿ ಹೇಳಿದ್ದರು. ನಾನು ತಕ್ಷಣ ತಲೆ ಬಾಚಿಕೊಂಡೆ. "ನೀವು ಫೋನ್ ಬಿಟ್ಟು ಐದು ನಿಮಿಷ ಕೂತ್ಕೊಳ್ಳೋದಿಲ್ಲ" ಎಂದು ನನ್ನನ್ನು ತಿರಸ್ಕರಿಸಿದಳು.

ಹಾಗಾಗಿ ಶುಕ್ರವಾರ ದೇರಾದ ನಮ್ಮ ಫ್ಲಾಟಿಗೆ ದಾಮೋದರಣ್ಣನನ್ನು ಊಟಕ್ಕೆ ಕರೆದೆ. ಕಾಪು ಕಡೆಯವರು, ನಮ್ಮ ಗೋದಾಮಿನಲ್ಲಿ ಲೋಡಿಂಗ್ ಕೆಲಸ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಕಿಟಕಿಯ ಬಳಿ ಎಡಗೈಯನ್ನು ಜೇಬಿಗೆ ಹಾಕಿ ಕೂತರು.

"ಅಂಕಲ್, ಎರಡೂ ಕೈ ಬೇಕು" ಎಂದಳು ಮಗಳು.

ಅವರು ನಿಧಾನಕ್ಕೆ ಕೈ ಹೊರತೆಗೆದರು. ತೋರುಬೆರಳು ಅರ್ಧವೇ ಇತ್ತು. ಒಂದೂವರೆ ವರ್ಷದ ಹಿಂದೆ ಪೆಟ್ಟಿಗೆಯೊಂದು ಜಾರಿ ಆದದ್ದು. ಆಗ ಹಾಜರಿ ಪುಸ್ತಕದಲ್ಲಿ ಹದಿನೆಂಟು ದಿನ ರಜೆ ಎಂದು ಬರೆದವನು ನಾನೇ. ಕೈ ಹೇಗಿದೆ ಎಂದು ಮಾತ್ರ ಕೇಳಿರಲಿಲ್ಲ.

"ಬೆರಳು ಪೂರ್ತಿ ಬರಿ ಮಗಾ" ಎಂದರು. ಮತ್ತೆ ನನ್ನ ಕಡೆ ತಿರುಗಿ, "ಊರಲ್ಲಿ ಹೆಂಡ್ತಿಗೆ ಗೊತ್ತಿಲ್ಲ ಮಾರಾಯ್ರೆ. ಫೋಟೊ ತೆಗೀವಾಗೆಲ್ಲ ಕೈ ಜೇಬಲ್ಲೇ. ಬರುವ ತಿಂಗಳು ರಜೆಯಲ್ಲಿ ಹೋಗ್ಲಿಕ್ಕುಂಟು. ಹೇಗೆ ಹೇಳೂದು ಅಂತಲೇ ಗೊತ್ತಾಗುದಿಲ್ಲ."

ಶರಣ್ಯಾ ಪೆನ್ಸಿಲ್ ಕೆಳಗಿಟ್ಟಳು. "ಪೂರ್ತಿ ಬರೆದ್ರೆ ಅದು ನೀವಲ್ಲ ಅಂಕಲ್. ಬೇರೆ ಯಾರೋ ಆಗ್ತಾರೆ."

ಅವರು ಎಡಗೈಯನ್ನು ಮತ್ತೆ ಜೇಬಿನ ಕಡೆ ಒಯ್ದರು. ಕೊನೆಗೆ ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು, "ಇದ್ದ ಹಾಗೆ ಬರಿ" ಎಂದರು.

ಚಿತ್ರ ಮುಗಿದಾಗ ಸಂಜೆಯಾಗಿತ್ತು. ಮೂಗು ಸ್ವಲ್ಪ ಸೊಟ್ಟಗಿತ್ತು, ಕೈ ಮಾತ್ರ ಅವರದೇ. ದಾಮೋದರಣ್ಣ ಅದರ ಫೋಟೊ ತೆಗೆದು, ನಮ್ಮೆದುರೇ ಹೆಂಡತಿಗೆ ಕಳಿಸಿದರು. ಎರಡು ನಿಮಿಷಕ್ಕೆ ಫೋನ್ ಬಂತು. ಅವರು ಬಾಲ್ಕನಿಗೆ ಹೋದರು. ಒಳಗೆ ನಾನು, ಹೆಂಡತಿ, ಮಗಳು ಮೂವರೂ ಚಹಾ ಆರಿಸಿಕೊಂಡು ಕೂತೆವು.

ಮರಳಿ ಬಂದಾಗ ಅವರ ಕಣ್ಣು ಕೆಂಪಾಗಿತ್ತು.

"ಅತ್ತಳು. ಮತ್ತೆ, ಮುಚ್ಚಿಟ್ಟದ್ದಕ್ಕೆ ಚೆನ್ನಾಗಿ ಬೈದಳು. ಆಮೇಲೆ ಕೇಳ್ತಾಳೆ, ಇಷ್ಟು ತೆಳ್ಳಗೆ ಆಗಿದ್ದೀರಲ್ಲ, ರಾತ್ರಿ ಸರಿಯಾಗಿ ಉಣ್ಣುದಿಲ್ವಾ ಅಂತ."

ನಾವು ಮೂವರೂ ಮತ್ತೆ ಚಿತ್ರ ನೋಡಿದೆವು. ಹೌದು, ಕೆನ್ನೆ ಒಳಸರಿದಿತ್ತು. ಮೂರು ಗಂಟೆ ಎದುರು ಕೂತು ಬರೆದ ಮಗಳೂ, ದಿನಾ ಬೆಳಗ್ಗೆ ಅವರನ್ನು ಕಾಣುವ ನಾನೂ ಅದನ್ನು ಗಮನಿಸಿರಲಿಲ್ಲ. ನನ್ನ ಹೆಂಡತಿ ಅಡುಗೆಮನೆಗೆ ಹೋಗಿ ರಾತ್ರಿಯ ಊಟಕ್ಕೆ ಇನ್ನೊಂದು ಪಾವು ಅಕ್ಕಿ ತೊಳೆದಳು.