ಡೆಯಲಾರದವರಿಗೆ ಪ್ರವೇಶವಿಲ್ಲ

ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಕಾಗುಣಿತದ ಪೇಂಟರು ಅಂದರೆ ಸಾಕು, ಅಂಚೆಯವನೂ ಸೀದಾ ಅವರ ಮನೆ ಬಾಗಿಲಿಗೇ ಬರುತ್ತಿದ್ದ. ನಲವತ್ತು ವರ್ಷ ಏಣಿಯ ಮೇಲೆ ನಿಂತು ಬೋರ್ಡು ಬರೆದ ಮನುಷ್ಯ. ದರ್ಜಿ ಅಂಗಡಿ, ಔಷಧಿ ಅಂಗಡಿ, ಶಾಲೆ, ಸ್ಮಶಾನದ ಗೇಟು, ಯಾವುದನ್ನೇ ಬರೆಯಲಿ, ಒಂದು ದೀರ್ಘ ಹೆಚ್ಚಿಲ್ಲ, ಒಂದು ಒತ್ತು ಕಮ್ಮಿಯಿಲ್ಲ. ಅದರ ಬಗ್ಗೆ ಯಾರ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ಬೇರೆಯವರ ಬರಹಕ್ಕೂ ಮೂಗು ತೂರಿಸುತ್ತಿದ್ದರಲ್ಲ, ಅದಕ್ಕೆ. ಜೇಬಿನಲ್ಲಿ ಸದಾ ಒಂದು ಸೀಮೆಸುಣ್ಣದ ತುಂಡು ಇರುತ್ತಿತ್ತು. ದಾರಿಯಲ್ಲಿ ಯಾವ ಬೋರ್ಡಿನಲ್ಲಾದರೂ ತಪ್ಪು ಕಂಡರೆ ಪಕ್ಕದ ಗೋಡೆಯ ಮೇಲೆ ಸರಿಯಾದದ್ದನ್ನು ಬರೆದು, ಅಡಿಗೆರೆ ಎಳೆದು, ಅಂಗಡಿಯವನನ್ನು ಹೊರಗೆ ಕರೆದು ತೋರಿಸಿ, ಆಮೇಲೆ ಮುಂದಕ್ಕೆ ಹೋಗುವುದು. ಮದುವೆಯ ಆಮಂತ್ರಣ ಕೊಟ್ಟರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕೊಡುತ್ತಿದ್ದರು. ಹಾಗಾಗಿ ಅವರಿಗೆ ಮದುವೆಯ ಕರೆ ಬರುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಬಂದಿತ್ತು.

ಇದರ ಪೆಟ್ಟು ಹೆಚ್ಚು ತಿಂದವನು ಅವರ ಹೆಂಡತಿಯ ತಮ್ಮ. ಪಾಪ, ಜೆರಾಕ್ಸ್ ಅಂಗಡಿ ಇಟ್ಟ ಹೊಸತರಲ್ಲಿ, ಭಾವನಿಗೆ ಯಾಕೆ ತೊಂದರೆ ಅಂತ ತಾನೇ ಒಂದು ಬೋರ್ಡು ಬರೆದುಕೊಂಡ. 'ಇಲ್ಲಿ ಎಲ್ಲಾ ದಾಖಲೆಗಳನ್ನೂ ನಕಲು ಮಾಡಿಕೊಡಲಾಗುವುದು' ಅಂತ ಇರಬೇಕಾದಲ್ಲಿ 'ನಕಲಿ ಮಾಡಿಕೊಡಲಾಗುವುದು' ಅಂತ ಆಯಿತು. ಮೂರನೇ ದಿನಕ್ಕೆ ಪೊಲೀಸರು ಬಂದರು. ಅವರಿಗಿಂತ ಮುಂಚೆ ಇಬ್ಬರು ಗಿರಾಕಿಗಳೂ ಬಂದು ಹೋಗಿದ್ದರು. ಅಂದಿನಿಂದ ಹದಿನೈದು ವರ್ಷ ಪೇಂಟರು ಅವನನ್ನು ನಕಲಿ ಎಂದೇ ಕರೆದರು. ನಾಲ್ಕು ಜನ ಸೇರಿದ ಕಡೆಯೆಲ್ಲ ಈ ಕಥೆ ಬಿಚ್ಚುವುದು, ಅವನು ಹಲ್ಲು ಕಿರಿಯುವುದು. ಕೊನೆಗೆ ಅವನ ಮಕ್ಕಳ ಗೆಳೆಯರೂ ನಕಲಿ ಅಂಕಲ್ ಅನ್ನತೊಡಗಿದರು.

ಮೂರು ವರ್ಷದ ಹಿಂದೆ ಪೇಂಟರು ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆಯಲ್ಲಿ ಒಳಗೆ ತಳ್ಳಿಕೊಂಡು ಹೋಗುವಾಗ ಬಾಗಿಲ ಮೇಲೆ 'ಮೂಲೆ ವಿಭಾಗ' ಎಂದು ಬರೆದದ್ದು ಕಂಡಿತು. ಸ್ಟ್ರೆಚರಿನ ಮೇಲೆ ಮಲಗಿದ್ದವರು ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಅದನ್ನ ತಿದ್ದೋ ತನಕ ನಾನು ಒಳಗೆ ಬರಲ್ಲ. ಮೂಳೆ ಸರಿ ಮಾಡಿಸ್ಕೊಳ್ಳೋಕೆ ಬಂದಿದೀನಿ, ಮೂಲೆ ಸೇರೋಕಲ್ಲ."

ಒಬ್ಬ ನರ್ಸು ಸ್ಟೂಲು ಹತ್ತಿ ಪೆನ್ನಿನಿಂದ ತಿದ್ದಿದ ಮೇಲೇ ಕೈ ಬಿಟ್ಟದ್ದು. ಅಕ್ಷರವೇನೋ ಸರಿಹೋಯಿತು, ಸೊಂಟ ಸರಿಹೋಗಲಿಲ್ಲ. ಮಂಚದಿಂದ ಗಾಲಿಕುರ್ಚಿ, ಗಾಲಿಕುರ್ಚಿಯಿಂದ ಮಂಚ, ಇಷ್ಟೇ ಓಡಾಟ.

ಕುರ್ಚಿಯಲ್ಲಿ ಕೂತವನಿಗೆ ಲೋಕ ಕಾಣುವುದು ಸೊಂಟದ ಮಟ್ಟದಲ್ಲಿ. ಬೆಲ್ಟು, ಬಕಲು, ಚೀಲ, ಬೀಗದ ಕೈ ಗೊಂಚಲು. ಮಾತಾಡಿಸಿದವರೂ ಅವರ ತಲೆಯ ಮೇಲಿಂದ ಹೆಂಡತಿಯ ಹತ್ತಿರ, "ಊಟ ಮಾಡ್ತಾರಾ?" ಅಂತ ಕೇಳುತ್ತಿದ್ದರು. ನಲವತ್ತು ವರ್ಷ ಊರನ್ನು ಮೇಲಿನಿಂದ ನೋಡಿದ ಮನುಷ್ಯನಿಗೆ ಇದನ್ನು ನುಂಗಲಾಗಲಿಲ್ಲ. ಒಂದೇ ಆಸೆ ಹಿಡಿದು ಕೂತರು. ಥೀಮ್ ಪಾರ್ಕಿನ ಜೈಂಟ್ ವೀಲ್ ಹತ್ತಬೇಕು, ಇನ್ನೊಂದೇ ಒಂದು ಸಲ ಮೇಲಿನಿಂದ ಊರು ನೋಡಬೇಕು.

"ಬಚ್ಚಲಿಗೆ ಹೋಗೋಕೆ ಇಬ್ಬರು ಬೇಕು, ಇವರಿಗೆ ಆಕಾಶ ಬೇಕಂತೆ," ಅಂದರು ಹೆಂಡತಿ. ಅಂದವರೇ ಮಾರನೆಯ ದಿನ ತಮ್ಮನನ್ನು ಕರೆಸಿದರು. "ನೀನೇ ಕರ್ಕೊಂಡು ಹೋಗಿ ಬಾರೋ. ಮನೇಲಿದ್ರೆ ನಾನು ಆಡೋ ಮಾತನ್ನೂ ತಿದ್ದುತಾ ಕೂತಿರ್ತಾರೆ. ಕಾಲು ಗಂಟೆಗೊಂದು ಸಲ ಬಚ್ಚಲಿಗೆ ಕರ್ಕೊಂಡು ಹೋಗೋದು ಮರೀಬೇಡ."

ಪಾರ್ಕಿನಲ್ಲಿ ನಡೆಯಲಾಗದವರಿಗೆ ವಿಶೇಷ ಪಾಸು ಇತ್ತು. ಅದನ್ನು ಕೊಡುವ ಕೌಂಟರು ಎರಡನೇ ಮಹಡಿಯಲ್ಲಿತ್ತು. ಲಿಫ್ಟು ಇರಲಿಲ್ಲ. ನಕಲಿ ಮೇಲೆ ಹೋಗಿ ಕೇಳಿದರೆ, ನಡೆಯಲಾಗದವರು ಸ್ವತಃ ಬರಬೇಕು ಅಂದರು. ಅವನು ಅವರ ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ಗುಮಾಸ್ತೆ ಕಿಟಕಿಯಿಂದ ಇಣುಕಿ, ಕೆಳಗೆ ಕೂತಿದ್ದ ಪೇಂಟರಿಗೆ ಎದ್ದು ನಿಲ್ಲಲು ಸನ್ನೆ ಮಾಡಿ, ಅವರು ನಿಲ್ಲದೆ ಇದ್ದದ್ದನ್ನು ಕಣ್ಣಾರೆ ನೋಡಿ ಪಾಸಿಗೆ ಮೊಹರು ಒತ್ತಿದಳು.

ಆ ಪಾಸು ಹಿಡಿದುಕೊಂಡು ಜೈಂಟ್ ವೀಲ್ ಮುಂದೆ ಬಂದಾಗ ಪೇಂಟರ ಮುಖ ಅರಳಿತು. ಗೇಟಿನ ಪಕ್ಕದಲ್ಲಿ, ನೀಲಿಯ ಮೇಲೆ ಬಿಳಿ ಅಕ್ಷರದ ಉದ್ದನೆಯ ಬೋರ್ಡು. ಅವರ ಕೈಬರಹವೇ.

"ನೋಡೋ ನಕಲಿ, ಪಾರ್ಕು ಶುರುವಾದಾಗ ಬರೆದದ್ದು. ಇಪ್ಪತ್ತಾರು ವರ್ಷ ಬಿಸಿಲು ತಿಂದಿದೆ, ಒಂದು ಅಕ್ಷರ ಕದಲಿದೆಯಾ? ಇದಕ್ಕೆ ಬರಹ ಅಂತಾರೆ."

ನಕಲಿ ಹಲ್ಲು ಕಿರಿದ. ಅಷ್ಟರಲ್ಲಿ ಗೇಟಿನ ಕಾವಲಿನ ಹೆಂಗಸು ಕೈ ಅಡ್ಡ ಹಿಡಿದಳು. ಹನ್ನೊಂದು ವರ್ಷದಿಂದ ಅದೇ ಗೇಟಿನಲ್ಲಿ ನಿಂತವಳು, ಮಾತಿನಲ್ಲಿ ತುಂಬ ಮರ್ಯಾದೆ.

"ಯಜಮಾನ್ರೇ, ತಪ್ಪು ತಿಳ್ಕೋಬೇಡಿ. ಬೋರ್ಡಲ್ಲಿ ಬರೆದಿದೆ."

ಬೋರ್ಡಿನಲ್ಲಿ ಬರೆದಿತ್ತು: ನಡೆಯಲಾರದವರಿಗೆ ಪ್ರವೇಶವಿಲ್ಲ.

"ಮತ್ತೆ ಈ ಪಾಸು ಯಾಕೆ ಕೊಟ್ಟಿರಿ?" ಅಂದ ನಕಲಿ.

"ಪಾಸು ಕ್ಯೂ ತಪ್ಪಿಸೋಕೆ ಸಾರ್. ಕ್ಯೂ ಇಲ್ಲದೆ ಬೇಗ ಇಲ್ಲಿಗೆ ಬರಬಹುದು, ಬೇಗ ವಾಪಸ್ ಹೋಗಬಹುದು. ಅಥವಾ ಒಂದೆರಡು ಹೆಜ್ಜೆ ನಡೆದು ತೋರಿಸ್ಲಿ, ಬಿಡ್ತೀನಿ."

ನಕಲಿ ಭಾವನ ಕಂಕುಳಿಗೆ ಕೈ ಕೊಟ್ಟು ಎತ್ತಿ ಎರಡು ಹೆಜ್ಜೆ ಸಾಗಿಸಿದ. ಹೆಂಗಸು ತಲೆಯಾಡಿಸಿದಳು. "ಇದು ನಡೆಯೋದಲ್ಲ ಸಾರ್, ನಡೆಸೋದು."

ಪೇಂಟರು ಕುರ್ಚಿಗೆ ಕುಸಿದು ಮತ್ತೆ ಬೋರ್ಡು ನೋಡಿದರು. ಈ ಸಲ ಕೈಬರಹ ನೋಡಲಿಲ್ಲ, ಓದಿದರು. ಪಾರ್ಕಿನ ಹಳೆಯ ಮಾಲೀಕ, ಆಮೇಲೆ ತೀರಿಕೊಂಡ ದಪ್ಪ ಮನುಷ್ಯ, ಅಂದು ಚೀಟಿ ಕೊಟ್ಟು ಹೇಳಿದ್ದು ನೆನಪಾಯಿತು: "ಮೇಲೆ ಹೋದಮೇಲೆ ತಡೆಯೋಕಾಗ್ತಿಲ್ಲ ಇಳಿಸಿ ಅಂತ ಬೊಬ್ಬೆ ಹೊಡೆಯೋರ ಕಾಟ ಬೇಡ ಮಾರಾಯ." ಚೀಟಿಯಲ್ಲಿದ್ದದ್ದು 'ತಡೆಯಲಾರದವರಿಗೆ ಪ್ರವೇಶವಿಲ್ಲ' ಅಂತ. ತ. ಅವತ್ತು ಕೊನೆಯ ಬಸ್ಸು ತಪ್ಪಿತ್ತು. ಮನೆಯವರೆಗೂ ನಡೀಬೇಕು, ನಡೀಬೇಕು ಅಂತ ಮನಸ್ಸಿನಲ್ಲೇ ಗೊಣಗುತ್ತಾ ಬರೆದಿದ್ದರು. ಕೈ ನ ಬರೆದಿತ್ತು.

"ಎಷ್ಟು ಜನರನ್ನ ವಾಪಸ್ ಕಳಿಸಿದೀಯಮ್ಮ, ಹೀಗೆ?" ಅಂದರು ಸಣ್ಣ ದನಿಯಲ್ಲಿ.

"ಲೆಕ್ಕ ಯಾರಿಟ್ಟಿದಾರೆ ಯಜಮಾನ್ರೇ. ಕಾಲಿಗೆ ಪ್ಲಾಸ್ಟರ್ ಹಾಕಿದ ಮದುಮಗನ್ನೂ ಕಳಿಸಿದೀನಿ, ಹೆಂಡತಿ ಒಬ್ಬಳೇ ಸುತ್ತು ಹಾಕಿ ಬಂದಳು. ಒಂದು ಅಜ್ಜಿ ಇದ್ರು. ಪ್ರತಿ ವರ್ಷ ಹುಟ್ಟಿದ ದಿನಕ್ಕೆ ಬರೋರು, ಈ ವರ್ಷ ರೂಲ್ಸು ಬದಲಾಯ್ತಾ ಅಂತ ಕೇಳೋರು. ಆರು ವರ್ಷ ಬಂದ್ರು. ಆಮೇಲೆ ಬರಲಿಲ್ಲ."

ಪೇಂಟರಿಗೆ ನಾಚಿಕೆ, ದುಃಖ, ಎರಡೂ ಒಟ್ಟಿಗೆ ಆದವು. ಬಾಯಿ ಮುಚ್ಚಿಕೊಂಡು ಕುರ್ಚಿ ತಿರುಗಿಸಿಕೊಂಡು ಹೋಗಿಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಾಯಿ ಬಿಟ್ಟರೆ ನಲವತ್ತು ವರ್ಷದ ಹೆಸರು ಮಣ್ಣುಪಾಲು, ಅದೂ ಯಾರ ಮುಂದೆ? ಬೆನ್ನ ಹಿಂದೆ ಕುರ್ಚಿ ಹಿಡಿದು ನಿಂತವನು ನಕಲಿ. ಅವನಿಗೆ ಇದೊಂದು ಸಿಕ್ಕರೆ ಇನ್ನು ಬದುಕಿರುವಷ್ಟು ದಿನ ತಲೆ ಎತ್ತುವ ಹಾಗಿಲ್ಲ.

ಪೇಂಟರು ಆ ಹೆಂಗಸಿನ ಮುಖ ನೋಡಿದರು. "ಆ ಬೋರ್ಡು ತಪ್ಪು. ಅದು ತ ಆಗಬೇಕಿತ್ತು. ನಾನೇ ತಪ್ಪು ಬರೆದೆ."

"ಸಾಧ್ಯವೇ ಇಲ್ಲ," ಅಂದ ನಕಲಿ.

ಪೇಂಟರು ಕತ್ತು ತಿರುಗಿಸಿ ನೋಡಿದರು. ಅವನು ನಗುತ್ತಿರಲಿಲ್ಲ. ಅವನ ಮುಖ ಕೆಂಪಾಗಿತ್ತು.

"ಭಾವ ತಪ್ಪು ಬರೆಯೋದೇ ಇಲ್ಲ ಮೇಡಂ. ನಾನು ಹದಿನೈದು ವರ್ಷದಿಂದ ಅವರ ಹತ್ರ ಬೈಸ್ಕೊಂಡಿದೀನಿ, ನನಗೆ ಗೊತ್ತು. ಅವರೂ ತಪ್ಪು ಬರೀತಾರೆ ಅನ್ನೋದಾದ್ರೆ ನಾನು ಅಷ್ಟೆಲ್ಲ ಅನ್ನಿಸ್ಕೊಂಡಿದ್ದು ಏತಕ್ಕೆ? ಬೋರ್ಡು ಸರಿಯಾಗಿದೆ. ನಡೀರಿ ಭಾವ, ಮನೆಗೆ ಹೋಗೋಣ."

"ಲೋ, ತಪ್ಪು ಅಂತ ನಾನೇ ಹೇಳ್ತಿದೀನಲ್ಲೋ."

"ಬಿದ್ದಾಗ ತಲೆಗೂ ಪೆಟ್ಟಾಗಿದೆ ಮೇಡಂ. ಅವರ ಮಾತು ಕೇಳಬೇಡಿ."

ಗದ್ದಲ ಕೇಳಿ ಮ್ಯಾನೇಜರ್ ಬಂದ. ಟೈ ಕಟ್ಟಿದ ಎಳೆಯ ವಯಸ್ಸಿನವನು, ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡ. ಹಳೆಯ ಚೀಟಿ ಎಲ್ಲಿದೆ ಅಂದರೆ, ಇಲ್ಲ. ಪಾರ್ಕಿನ ನಿಯಮಗಳ ಪುಸ್ತಕ ತರಿಸಿದರೆ, ಅದನ್ನು ಬೋರ್ಡು ನೋಡಿಯೇ ಬರೆದಿದ್ದರು. ಪೇಂಟರು ಬೋರ್ಡಿನ ಮೂಲೆಗೆ ಬೆರಳು ತೋರಿಸಿದರು. ಅವರ ಸಹಿಯ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ತಪ್ಪಿದ್ದರೆ ಉಚಿತವಾಗಿ ತಿದ್ದಿಕೊಡಲಾಗುವುದು ಎಂದಿತ್ತು. ಆ ಕಾಲದ ಜಂಬ. ಉಚಿತ ಅನ್ನುವುದನ್ನು ಓದಿದ ಕೂಡಲೇ ಮ್ಯಾನೇಜರಿಗೆ ನಂಬಿಕೆ ಬಂತು.

"ಆಯ್ತು ಸಾರ್, ತಡೆಯಲಾರದವರಿಗೆ ಅಂತಲೇ ಇಟ್ಕೊಳ್ಳೋಣ. ಏನನ್ನ ತಡೆಯಲಾರದವರು?"

"ಭಯ ತಡೆಯಲಾರದವರು."

"ಭಯ ಅಂತ ಬರೆದಿಲ್ಲವಲ್ಲ," ಅಂದ ಮ್ಯಾನೇಜರ್.

ಕಾವಲಿನ ಹೆಂಗಸು ಕೆಮ್ಮಿದಳು. "ಒಂದು ಸುತ್ತು ಮುಗಿಯೋಕೆ ಇಪ್ಪತ್ತು ನಿಮಿಷ ಸಾರ್. ಮಧ್ಯೆ ಎಲ್ಲೂ ಇಳಿಸಲ್ಲ."

ಮೂವರೂ ಪೇಂಟರ ಮಡಿಲ ಕಡೆ ನೋಡಿದರು.

"ಯಜಮಾನ್ರೇ, ಎಷ್ಟೊತ್ತು ತಡೀತೀರಿ?" ಅಂದ ಮ್ಯಾನೇಜರ್ ವಿನಯದಿಂದ.

"ಕಾಲು ಗಂಟೆ ಅಂತ ಅಕ್ಕ ಹೇಳಿದಾರೆ," ಅಂದ ನಕಲಿ. ಸುಳ್ಳು ಹೇಳಲು ಅವನಿಗೆ ಎಂದೂ ಬಂದಿಲ್ಲ.

ಮ್ಯಾನೇಜರ್ ನಿಟ್ಟುಸಿರು ಬಿಟ್ಟ. "ಹಾಗಾದ್ರೆ ಹಳೇ ಬೋರ್ಡಿನ ಪ್ರಕಾರವೂ ಆಗಲ್ಲ, ಹೊಸ ಬೋರ್ಡಿನ ಪ್ರಕಾರವೂ ಆಗಲ್ಲ."

ಪೇಂಟರ ಪಿತ್ತ ನೆತ್ತಿಗೇರಿತು. "ನಾನು ಹತ್ತದಿದ್ರೆ ಬೇಡ. ಆ ನ ಮೊದಲು ಅಲ್ಲಿಂದ ಹೋಗಬೇಕು. ಒಂದು ಬ್ಲೇಡು ಕೊಡಿ, ಥಿನ್ನರ್ ಕೊಡಿ, ಒಂದು ಬಟ್ಟೆ ಕೊಡಿ."

ಪಕ್ಕದಲ್ಲಿ ಮರದ ಕುದುರೆಗಳಿಗೆ ಬಣ್ಣ ಹೊಡೆಯುತ್ತಿದ್ದವರಿಂದ ಬ್ಲೇಡು, ಥಿನ್ನರು ಬಂತು. ಕುರ್ಚಿಯನ್ನು ಬೋರ್ಡಿಗೆ ತಾಗಿಸಿ, ಪೇಂಟರು ಕೆರೆದರು. ಕೈ ಪಳಗಿದ್ದು ಪಳಗಿದ ಹಾಗೇ ಇತ್ತು. ಹತ್ತು ನಿಮಿಷದಲ್ಲಿ ಅಕ್ಷರ ಹೋಗಿ ನೀಲಿ ಜಾಗ ಉಳಿಯಿತು. ಆದರೆ ಹೊಸದಾಗಿ ಬರೆಯಲು ಬಿಳಿ ಬಣ್ಣ ಇರಲಿಲ್ಲ. ಕುದುರೆಗಳೆಲ್ಲ ಕಂದು. ಬಿಳಿ ಬಣ್ಣ ಉಗ್ರಾಣದಲ್ಲಿ, ಉಗ್ರಾಣದ ಬೀಗದ ಕೈ ಊಟಕ್ಕೆ ಹೋದವನ ಜೇಬಿನಲ್ಲಿ.

ಪೇಂಟರು ಕಾವಲಿನ ಹೆಂಗಸಿನ ಕಡೆ ತಿರುಗಿದರು.

"ಈಗ ಏನಂತಿದೆ ಓದಮ್ಮ."

"ಡೆಯಲಾರದವರಿಗೆ ಪ್ರವೇಶವಿಲ್ಲ."

"ಡೆಯೋದು ಅಂದ್ರೇನು?"

"ಗೊತ್ತಿಲ್ಲ ಯಜಮಾನ್ರೇ."

"ನನ್ನ ಕೈಲಿ ಡೆಯೋಕಾಗುತ್ತೋ, ಆಗಲ್ವೋ?"

ಅವಳು ಬೋರ್ಡಿಗೆ ಬೆರಳು ಹಚ್ಚಿ ಇನ್ನೊಮ್ಮೆ ಓದಿಕೊಂಡಳು. ಹನ್ನೊಂದು ವರ್ಷದಲ್ಲಿ ಬೋರ್ಡಿನ ಮಾತು ಮೀರಿದವಳಲ್ಲ. "ಆಗಲ್ಲ ಅಂತ ನಾನು ಹೇಗೆ ಹೇಳಲಿ?"

ಮ್ಯಾನೇಜರ್ ಒಂದೊಂದೇ ಅಕ್ಷರ ಸೇರಿಸಿ ನೋಡಿದ. ಕ ಹಾಕಿದರೆ ಕಡೆಯಲಾರದವರು, ಅಂದರೆ ಬೆಣ್ಣೆ ಕಡೆಯಲು ಬಾರದವರು. ಒ ಹಾಕಿದರೆ ಒಡೆಯಲಾರದವರು. ಯಾವುದೂ ಜೈಂಟ್ ವೀಲಿಗೆ ಹೊಂದಲಿಲ್ಲ. "ಬೋರ್ಡಲ್ಲಿ ಇಲ್ಲದ ಕಾರಣಕ್ಕೆ ಯಾರನ್ನೂ ತಡೆಯೋಕೆ ನಮಗೆ ಅಧಿಕಾರ ಇಲ್ಲ," ಅಂದ ಕೊನೆಗೆ. "ಬಣ್ಣ ಬರೋದರೊಳಗೆ ಹೋಗಿ ಬಂದ್ಬಿಡಿ."

ನಕಲಿ ಮೊದಲು ಭಾವನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಬಂದ. ಆಮೇಲೆ ಅವನೂ ಆ ಹೆಂಗಸೂ ಸೇರಿ ಅವರನ್ನು ಎತ್ತಿ ತೊಟ್ಟಿಲಿನಲ್ಲಿ ಕೂರಿಸಿದರು. ಚಕ್ರ ತಿರುಗಿತು. ಬೆಲ್ಟು, ಬಕಲು ಎಲ್ಲ ಕೆಳಗೆ ಹೋದವು. ಜನರ ಮುಖ ಕಂಡಿತು, ಆಮೇಲೆ ನೆತ್ತಿ, ಆಮೇಲೆ ಮರದ ತುದಿ, ಆಮೇಲೆ ಇಡೀ ಊರು. ಪೇಂಟರಿಗೆ ಕಣ್ಣು ತುಂಬಿ ಬಂತು. ನಲವತ್ತು ವರ್ಷದಲ್ಲಿ ಮೊದಲ ಸಲ ಅವರು ಯಾವುದನ್ನೂ ಓದದೆ ಸುಮ್ಮನೆ ನೋಡಿದರು.

"ತಡೆಯೋಕಾಗ್ತಿಲ್ಲ ಭಾವ, ಇಳಿಸೋಕೆ ಹೇಳಿ," ಅಂದ ನಕಲಿ, ಕಣ್ಣು ಮುಚ್ಚಿ ಕಂಬಿ ತಬ್ಬಿಕೊಂಡು. ಹಳೆಯ ಮಾಲೀಕ ಹೆದರಿದ್ದು ಇಂಥವನಿಗೇ. ಪೇಂಟರು ಅವನ ಕೈ ಹಿಡಿದುಕೊಂಡರು.

ತೊಟ್ಟಿಲು ತುದಿಯಲ್ಲಿದ್ದಾಗ ಅವರು ಗೇಟಿನ ಕಡೆ ನೋಡಿದರು. ಯಾರೋ ಒಬ್ಬ ಅಪ್ಪ ಮಗಳನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದಿದ್ದ. ಕಾವಲಿನ ಹೆಂಗಸು ಕೈ ಅಡ್ಡ ಹಿಡಿದಳು. ಬೋರ್ಡು ನೋಡಿದಳು. ತಲೆ ಕೆರೆದುಕೊಂಡು ಇನ್ನೊಂದು ಸಲ ನೋಡಿದಳು. ಆಮೇಲೆ ಕೈ ಇಳಿಸಿ ದಾರಿ ಬಿಟ್ಟಳು.

ಅವರು ಕೆಳಗೆ ಬಂದಾಗ ಬಿಳಿ ಬಣ್ಣ ಬಂದಿತ್ತು, ಕುಂಚವೂ ಬಂದಿತ್ತು. ಮ್ಯಾನೇಜರ್ ಡಬ್ಬಿ ಮುಚ್ಚಳ ತೆಗೆದು ಹಿಡಿದುಕೊಂಡಿದ್ದ. ಪೇಂಟರು ಕುಂಚ ಅದ್ದಿದರು, ಖಾಲಿ ಜಾಗದ ಮುಂದೆ ಹಿಡಿದರು. ಗೇಟಿನೊಳಗೆ ಆ ಹುಡುಗಿಯನ್ನು ಅವಳ ಅಪ್ಪ ತೊಟ್ಟಿಲಿಗೆ ಎತ್ತುತ್ತಿದ್ದ.

"ತ ಅಲ್ವಾ ಸಾರ್?" ಅಂದ ಮ್ಯಾನೇಜರ್.

"ಬಣ್ಣ ನೀರಾಗಿದೆ," ಅಂದರು ಪೇಂಟರು ಕುಂಚ ಒರೆಸುತ್ತಾ. "ನಾಳೆ ನಂದೇ ಬಣ್ಣ ತರ್ತೀನಿ."

ಹೇಳಿದ ದಿನಕ್ಕೆ ಬೋರ್ಡು ಕೊಡದೆ ಇದ್ದ ಚರಿತ್ರೆಯೇ ಇಲ್ಲದ ಮನುಷ್ಯ. ಈಗ ಒಂದೂವರೆ ವರ್ಷವಾಗಿದೆ. ಮ್ಯಾನೇಜರ್ ವಾರಕ್ಕೊಂದು ಸಲ ಫೋನು ಮಾಡುತ್ತಾನೆ, ಪೇಂಟರು ನಾಳೆ ಖಂಡಿತ ಅನ್ನುತ್ತಾರೆ. ಮೊನ್ನೆ ಅವರು ಫೋನು ಇಟ್ಟಾಗ ನಕಲಿ ಅಲ್ಲೇ ಕೂತಿದ್ದ. ತಡೆಯಲಾರದೆ ಕೇಳಿಯೇಬಿಟ್ಟ.

"ಭಾವ, ಆ ಬೋರ್ಡು ಈಗಲೂ ತಪ್ಪೇ ಅಲ್ವಾ?"

"ತಪ್ಪು," ಅಂದರು ಪೇಂಟರು. "ಇರಲಿ ಬಿಡು."